ಮಕ್ಕಳಿಗೆ ಇಂಗ್ಲಿಷಿನಲ್ಲಿ ಆಸೆ, ಕಲ್ಪನೆ ಹೇಳಲು ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ಅಮ್ಮಂದಿರು ಫೋನಿನಲ್ಲಿ, ಶಾಲೆಯ ಟೀಚರುಗಳು ಮೆಸೇಜಿನಲ್ಲಿ, ಕೆಲವರು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ ಪ್ರಶ್ನೆಗಳಿವು. ಅವರ ಮಾತಿನಲ್ಲೇ ಇಟ್ಟಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಜೋರಾಗಿ ಓದಿಕೊಳ್ಳಿ. ಸುಲಭದ್ದು ಮೊದಲು, ಗೋಜಲಿನದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ನನ್ನ ಮಗಳಿಗೆ ಏಳು ವರ್ಷ. ಎಲ್ಲದಕ್ಕೂ 'ಐ ವಾಂಟ್' ಅಂತಾಳೆ. 'ಐ ವಿಶ್' ಯಾವಾಗ ಹೇಳಿಕೊಡಬೇಕು?

ಅವಸರ ಬೇಡ. ಏಳು ವರ್ಷಕ್ಕೆ 'ಐ ವಾಂಟ್' ಸಾಕು. ಜೊತೆಗೆ 'ಐ ವುಡ್ ಲೈಕ್' ಸೇರಿಸಿದರೆ ಮಾತು ಸ್ವಲ್ಪ ಮೆತ್ತಗಾಗುತ್ತದೆ. 'ವಿಶ್' ಬರಬೇಕಾದರೆ ಹ್ಯಾಡ್, ವಾಸ್, ವರ್, ಕುಡ್, ನ್ಯೂ, ಲಿವ್ಡ್, ಹಿಂದಿನ ಕಾಲದ ಈ ರೂಪಗಳು ಇಷ್ಟಾದರೂ ಮೊದಲು ಬಾಯಲ್ಲಿ ಸಲೀಸಾಗಿ ಆಡಬೇಕು. ನಿನ್ನೆ ಎಲ್ಲಿದ್ದೆ, ಏನು ತಿಂದೆ ಅಂತ ಇಂಗ್ಲಿಷಿನಲ್ಲಿ ಕೇಳಿದರೆ ತಡವರಿಸುವ ಮಗುವಿಗೆ 'ಐ ವಿಶ್ ಐ ಹ್ಯಾಡ್' ಕಲಿಸಿದರೆ ಅದು ಬರೀ ಗಿಳಿಪಾಠ.

ಕೇಂಬ್ರಿಜ್‌ನವರು ಮಕ್ಕಳಿಗೆ ನಡೆಸುವ ಪರೀಕ್ಷೆಗಳಲ್ಲೂ ಕ್ರಮ ಹೀಗೇ ಇದೆ. ಫ್ಲೈಯರ್ಸ್ ಹಂತದಲ್ಲಿ 'ನೀರು ಕಾಯಿಸಿದರೆ ಕುದಿಯುತ್ತದೆ' ಥರದ ಯಾವಾಗಲೂ ನಿಜವಾಗಿರುವ ಇಫ್ ವಾಕ್ಯ ಇರುತ್ತದೆ. 'ಇಫ್ ಐ ವರ್ ಯು' ಬರುವುದು ಇನ್ನೂ ಮೇಲಿನ ಬಿ1 ಪ್ರಿಲಿಮಿನರಿಯಲ್ಲಿ. ನಮ್ಮ ಕಡೆಯ ಮಕ್ಕಳಿಗೆ ಐದನೇ, ಆರನೇ ತರಗತಿ ಹೊತ್ತಿಗೆ ಶುರು ಮಾಡಿದರೆ ಸಾಕು ಅನ್ನುವುದು ನನ್ನ ಲೆಕ್ಕ. ಅಲ್ಲಿಯವರೆಗೆ ನೀವು ಹೇಳುತ್ತಿರಿ, ಅವಳ ಕಿವಿಗೆ ಬೀಳುತ್ತಿರಲಿ. ವಾಪಸ್ ಹೇಳಿಸುವ ಹಠ ಮಾತ್ರ ಬೇಡ.

ವಾಂಟ್, ಹೋಪ್, ವಿಶ್ ಮೂರೂ ಆಸೆಯೇ ಅಲ್ವಾ? ಮಗುಗೆ ವ್ಯತ್ಯಾಸ ಹೇಗೆ ತೋರಿಸೋದು?

ವಾಂಟ್ ಅಂದರೆ ಬೇಕು. ಅದನ್ನು ವಿವರಿಸುವುದೇ ಬೇಡ, ಅಂಗಡಿ ಮುಂದೆ ನಿಲ್ಲಿಸಿದರೆ ತಾನಾಗೇ ಬರುತ್ತದೆ.

ಹೋಪ್ ಮತ್ತು ವಿಶ್‌ಗೆ ಮಳೆಗಾಲದ ಉದಾಹರಣೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಜುಲೈ ತಿಂಗಳಲ್ಲಿ ಉಡುಪಿ, ಮಂಗಳೂರು, ಮಡಿಕೇರಿ ಕಡೆಯ ಮಕ್ಕಳು ರಾತ್ರಿ ಮಲಗುವಾಗ 'ನಾಳೆ ಜಿಲ್ಲಾಧಿಕಾರಿ ರಜೆ ಕೊಡಲಪ್ಪ' ಅಂತ ಬೇಡಿಕೊಳ್ಳುತ್ತಾರಲ್ಲ, ಅದು ಹೋಪ್: 'ಐ ಹೋಪ್ ವಿ ಗೆಟ್ ಎ ಹಾಲಿಡೇ ಟುಮಾರೋ.' ಆಗಬಹುದು, ಆಗದೆಯೂ ಇರಬಹುದು. ಬೆಳಗ್ಗೆ ಎದ್ದರೆ ರಜೆ ಇಲ್ಲ, ಅಮ್ಮ ಯೂನಿಫಾರ್ಮ್ ಹಿಡಿದು ನಿಂತಿದ್ದಾಳೆ. ಆಗ ಬಾಯಿಂದ ಬರುವುದು ವಿಶ್: 'ಐ ವಿಶ್ ಟುಡೇ ವರ್ ಎ ಹಾಲಿಡೇ.' ಇವತ್ತು ರಜೆ ಅಲ್ಲ ಅಂತ ಗೊತ್ತಾಗಿಯೇ ಹೇಳುವ ಮಾತು ಇದು.

ಮಗು ಗೊಂದಲ ಮಾಡಿಕೊಂಡಾಗ ಒಂದೇ ಪ್ರಶ್ನೆ ಕೇಳಿ: 'ಇದು ಇನ್ನೂ ಆಗೋ ಚಾನ್ಸ್ ಇದೆಯಾ?' ಇದೆ ಅಂದರೆ ಹೋಪ್. ಇಲ್ಲ ಅಂದರೆ ವಿಶ್.

ಈಗಿನ ಆಸೆ ಹೇಳೋಕೆ ಹಿಂದಿನ ಕಾಲ ಯಾಕೆ? 'ಐ ವಿಶ್ ಐ ಹ್ಯಾವ್' ಅನ್ನಬಾರದಾ ಅಂತ ಮಗ ಕೇಳ್ತಾನೆ, ನನಗೇ ಗೊತ್ತಿಲ್ಲ.

ಒಳ್ಳೆಯ ಪ್ರಶ್ನೆ ಕೇಳಿದ್ದಾನೆ. ಉತ್ತರ ಅವನ ಕನ್ನಡದಲ್ಲೇ ಇದೆ. 'ನಾಳೆ ಮಳೆ ಬಂದರೆ ಆಟಕ್ಕೆ ಹೋಗಲ್ಲ' ಅಂತ ಹೇಳುತ್ತಾನಲ್ಲ, ಆ 'ಬಂದರೆ'ಯನ್ನು ಬಿಡಿಸಿ ತೋರಿಸಿ. ಮಳೆ ನಾಳೆಯದು, ಆದರೆ ಒಳಗೆ ಕೂತಿರುವುದು 'ಬಂದ' ಅನ್ನುವ ಆಗಿಹೋದ ರೂಪ. ಹೋದರೆ, ತಿಂದರೆ, ಸಿಕ್ಕರೆ, ಇದ್ದರೆ, ಎಲ್ಲವೂ ಹಾಗೇ. 'ಬರುತ್ತರೆ' ಅಂತ ಯಾರೂ ಹೇಳುವುದಿಲ್ಲ. ಅಂದರೆ ಆಗದೇ ಇರುವುದನ್ನು ಹೇಳಲು ಹಿಂದಿನ ಕಾಲದ ರೂಪ ಬಳಸುವುದು ನಮ್ಮ ಮಕ್ಕಳಿಗೆ ಹೊಸದೇನಲ್ಲ, ಮಾತು ಕಲಿತಾಗಿನಿಂದ ಮಾಡುತ್ತಲೇ ಬಂದಿದ್ದಾರೆ. ಇದನ್ನು ಯಾವ ಗ್ರಾಮರ್ ಪುಸ್ತಕವೂ ಅವರಿಗೆ ಹೇಳುವುದಿಲ್ಲ, ಅದೇ ಬೇಜಾರು.

ಒಂದು ವ್ಯತ್ಯಾಸ ಮಾತ್ರ ಹೇಳಬೇಕು. ಕನ್ನಡದಲ್ಲಿ ನಿಜಕ್ಕೂ ಆಗಬಹುದಾದದ್ದಕ್ಕೂ 'ಬಂದರೆ', ಸುಮ್ನೆ ಕಲ್ಪನೆಗೂ 'ಬಂದರೆ'. ಇಂಗ್ಲಿಷಿನವರು ಈ ಹಿಂದಿನ ಕಾಲದ ವೇಷವನ್ನು ಕಲ್ಪನೆಗೆ ಮಾತ್ರ ಹಾಕುತ್ತಾರೆ.

ಅರ್ಥವಾಗಿದೆಯಾ ಅಂತ ನೋಡಲು ವಾಕ್ಯ ಹೇಳಿ ಎರಡು ಪ್ರಶ್ನೆ ಕೇಳಿ. 'ಐ ವಿಶ್ ಐ ಹ್ಯಾಡ್ ಎ ಸೈಕಲ್.' ಸೈಕಲ್ ಇದೆಯಾ? ಇಲ್ಲ. ಯಾವಾಗಿನ ಮಾತು? ಈಗಿನದು. ಎರಡಕ್ಕೂ ಸರಿ ಉತ್ತರ ಬಂದರೆ ಸಾಕು. ಆಮೇಲೆ ಉಲ್ಟಾ ಮಾಡಿಸಿ. ಇರುವುದು ಬೇಡ ಅಂದರೆ ವಿಶ್‌ನಲ್ಲಿ 'ಇಲ್ಲ' ಬರುತ್ತದೆ: ಹೋಮ್‌ವರ್ಕ್ ಇದೆ, ಆದ್ದರಿಂದ 'ಐ ವಿಶ್ ಐ ಡಿಡಂಟ್ ಹ್ಯಾವ್ ಹೋಮ್‌ವರ್ಕ್.' ಈ ವಾಕ್ಯವನ್ನು ಯಾವ ಮಗುವೂ ಮರೆಯುವುದಿಲ್ಲ.

'ಐ ವಿಶ್ ಐ ವಾಸ್' ಅಂದ್ರೆ ತಪ್ಪಾ? 'ವರ್' ಅಂತಲೇ ಹೇಳಬೇಕಾ?

ಮಾತಿನಲ್ಲಿ 'ವಾಸ್' ನಡೆಯುತ್ತದೆ, ಇಂಗ್ಲಿಷ್ ಮನೆಮಾತಿನವರೂ ಧಾರಾಳವಾಗಿ ಬಳಸುತ್ತಾರೆ. ಬರವಣಿಗೆಯಲ್ಲಿ, ಪರೀಕ್ಷೆಯಲ್ಲಿ 'ವರ್' ಹಾಕುವುದು ಕ್ಷೇಮ. 'ಇಫ್ ಐ ವರ್ ಯು' ಮಾತ್ರ ಇಡಿಯಾಗಿ ಬಾಯಿಪಾಠ ಆಗಲಿ.

'ಅಂಕಲ್‌ಗೆ ವಿಶ್ ಮಾಡು' ಅಂತ ನಾವೇ ಕಲಿಸ್ತೀವಿ. ಈಗ ಅದೇ 'ವಿಶ್'ಗೆ ಬೇರೆ ಅರ್ಥ ಅಂದ್ರೆ ಮಗು ತಬ್ಬಿಬ್ಬಾಗಲ್ವಾ?

ಆಗುತ್ತದೆ. ನಮ್ಮ ಮನೆಗಳಲ್ಲಿ 'ವಿಶ್ ಮಾಡು' ಅಂದರೆ ಗುಡ್ ಮಾರ್ನಿಂಗ್ ಹೇಳು, ಹ್ಯಾಪಿ ಬರ್ತ್‌ಡೇ ಹೇಳು ಅಂತ. ಅದು ಹಾರೈಕೆಯ ವಿಶ್. ಅದರ ಮುಂದೆ ಯಾರಿಗೆ, ಏನು ಅನ್ನುವ ಎರಡು ಮಾತು ಬರುತ್ತವೆ: 'ಐ ವಿಶ್ ಯು ಎ ಹ್ಯಾಪಿ ಬರ್ತ್‌ಡೇ.' ಅಲ್ಲಿ ಹಿಂದಿನ ಕಾಲದ ಗೊಡವೆಯೇ ಇಲ್ಲ. ವಿಶ್ ಮುಂದೆ ಇನ್ನೊಂದು ಪೂರ್ತಿ ವಾಕ್ಯ ಬಂದು, 'ಹೀಗಿದ್ದಿದ್ದರೆ ಚೆನ್ನಾಗಿರುತ್ತಿತ್ತು' ಅನ್ನುವ ಅರ್ಥ ಬಂದಾಗ ಮಾತ್ರ ಅದು ಬೇಕು.

ಹುಟ್ಟುಹಬ್ಬದ ದಿನವೇ ಎರಡನ್ನೂ ಒಟ್ಟಿಗೆ ಕಲಿಸಬಹುದು. ಬಂದವರು ಹೇಳುವುದು ಹಾರೈಕೆಯ ವಿಶ್. ಕ್ಯಾಂಡಲ್ ಆರಿಸುವ ಮೊದಲು ಮಗು ಮನಸ್ಸಿನಲ್ಲಿ ಅಂದುಕೊಳ್ಳುವುದು ಆಸೆಯ ವಿಶ್.

## ಸ್ವಲ್ಪ ಮುಂದೆ ಹೋದಾಗ

ಮಗ 'ಇಫ್ ಐ ವಾಸ್ ಎ ಬರ್ಡ್, ಐ ವಾಸ್ ಫ್ಲೈಯಿಂಗ್' ಅಂತಾನೆ. ಎಷ್ಟು ಸಲ ತಿದ್ದಿದ್ರೂ ಅದೇ. ಯಾಕೆ ಹೀಗೆ?

ಅವನು ಕನ್ನಡವನ್ನು ಚಾಚೂ ತಪ್ಪದೆ ಹೇಳುತ್ತಿದ್ದಾನೆ. 'ನಾನು ಹಕ್ಕಿಯಾಗಿದ್ದರೆ ಹಾರುತ್ತಿದ್ದೆ.' ಈ 'ಹಾರುತ್ತಿದ್ದೆ' ಅನ್ನುವುದು ಬೇರೆ ಕಡೆ 'ಐ ವಾಸ್ ಫ್ಲೈಯಿಂಗ್' ತಾನೇ? ನಿನ್ನೆ ಗಾಳಿಪಟ ಹಾರಿಸುತ್ತಿದ್ದೆ ಅಂದರೆ ವಾಸ್ ಫ್ಲೈಯಿಂಗ್ ಅಂತ ನಾವೇ ಕಲಿಸಿದ್ದೇವೆ. ಕನ್ನಡದಲ್ಲಿ ಒಂದೇ ರೂಪ ಎರಡು ಕೆಲಸ ಮಾಡುತ್ತದೆ, ಇಂಗ್ಲಿಷಿನಲ್ಲಿ ಎರಡನೇ ಕೆಲಸಕ್ಕೆ 'ವುಡ್' ಬೇಕು. ಗಲಾಟೆ ಪೂರ್ತಿ ಅಲ್ಲೇ.

ಆದ್ದರಿಂದ ನನ್ನ ಸಲಹೆ: ಎಲ್ಲರೂ 'ಇಫ್' ಭಾಗವನ್ನು ಮೊದಲು ತಿದ್ದಲು ಹೋಗುತ್ತಾರೆ, ನೀವು ಅದನ್ನು ಬಿಡಿ. 'ವುಡ್' ಭಾಗವನ್ನೇ ಮೊದಲು ಒಂದೆರಡು ವಾರ ಆಡಿಸಿ. ಇಫ್ ಅನ್ನು ನೀವು ಹೇಳಿ, ಮಗು ಉತ್ತರ ಮಾತ್ರ ಕೊಡಲಿ. 'ಯು ಆರ್ ಎ ಬರ್ಡ್ ನೌ. ವಾಟ್ ವುಡ್ ಯು ಡು?' 'ಐ ವುಡ್ ಫ್ಲೈ ಟು ಅಜ್ಜಿಸ್ ಹೌಸ್.' 'ವಾಟ್ ವುಡ್ ಯು ಈಟ್?' 'ಐ ವುಡ್ ಈಟ್ ಮ್ಯಾಂಗೋಸ್.' ಹೀಗೆ. ವುಡ್ ಜೊತೆ ಕ್ರಿಯಾಪದ ಬದಲಾಗದೆ ಬೋಳಾಗಿ ಬರುತ್ತದೆ, ಬಾಲಕ್ಕೆ 'ಇಂಗ್', 'ಇಡಿ' ಏನೂ ಇಲ್ಲ, ಆದ್ದರಿಂದ ಮಕ್ಕಳಿಗೆ ಇದು ಸುಲಭ. ಅದು ಗಟ್ಟಿಯಾದ ಮೇಲೆ 'ಇಫ್ ಐ ವರ್ ಎ ಬರ್ಡ್' ಅನ್ನು ಮುಂದೆ ಜೋಡಿಸುವುದು ಸಣ್ಣ ಕೆಲಸ.

ಇನ್ನೊಂದು ಉಪಾಯವೂ ಇದೆ. ಕನ್ನಡದಲ್ಲಿ ಹೇಳಿಸಿ ನೋಡಿ. ಕೊನೆಗೆ 'ತೀನಿ' ಬಂದರೆ ವಿಲ್, 'ತಿದ್ದೆ' ಬಂದರೆ ವುಡ್. 'ದುಡ್ಡು ಸಿಕ್ಕರೆ ಕೊಡ್ತೀನಿ' ವಿಲ್, 'ದುಡ್ಡು ಇದ್ದಿದ್ದರೆ ಕೊಡ್ತಿದ್ದೆ' ವುಡ್. ಆದರೆ ಇದು ಯಾವಾಗಲೂ ಕೈ ಹಿಡಿಯುವುದಿಲ್ಲ. 'ನೀನು ಪ್ರಧಾನಮಂತ್ರಿ ಆದ್ರೆ ಏನ್ ಮಾಡ್ತೀಯ?' ಅಂತ ನಾವು ಕಲ್ಪನೆಗೂ 'ಮಾಡ್ತೀಯ' ಅನ್ನುತ್ತೇವೆ, ಇಂಗ್ಲಿಷಿನಲ್ಲಿ ಅಲ್ಲಿ ವುಡ್ಡೇ ಬರಬೇಕು.

'ಇಫ್ ಐ ಗೆಟ್' ಮತ್ತು 'ಇಫ್ ಐ ಗಾಟ್' ಎರಡೂ ಸರಿ ಅಂತ ಪುಸ್ತಕದಲ್ಲಿದೆ. ಹಾಗಾದ್ರೆ ಮಗು ಯಾವುದು ಹೇಳಬೇಕು?

ಹೇಳುವವನ ನಂಬಿಕೆ ಮೇಲೆ ಹೋಗುತ್ತದೆ. 'ಇಫ್ ಐ ಗೆಟ್ ನೈಂಟಿ ಮಾರ್ಕ್ಸ್, ಅಪ್ಪ ವಿಲ್ ಬೈ ಮಿ ಎ ಬ್ಯಾಟ್' ಅಂದರೆ ಹುಡುಗನಿಗೆ ತೊಂಬತ್ತು ಬರುವ ಭರವಸೆ ಇದೆ. 'ಇಫ್ ಐ ಗಾಟ್ ನೈಂಟಿ ಮಾರ್ಕ್ಸ್, ಅಪ್ಪ ವುಡ್ ಫೇಂಟ್' ಅಂದರೆ ಅವನೇ ಅವನ ಮೇಲೆ ಆಸೆ ಬಿಟ್ಟಿದ್ದಾನೆ, ಅಪ್ಪನೂ ಬಿಟ್ಟಿದ್ದಾರೆ ಅಂತ ಅರ್ಥ. ಎರಡೂ ಸರಿಯಾದ ಇಂಗ್ಲಿಷ್. ಯಾವುದು ಹೇಳಬೇಕು ಅನ್ನುವುದು ಮಾರ್ಕ್ಸ್ ಕಾರ್ಡ್ ನೋಡಿದ ಮೇಲಿನ ವಿಚಾರ.

'ಇಫ್ ಐ ವಿಲ್ ಗೆಟ್' ಮಾತ್ರ ಇಲ್ಲಿ ನಡೆಯುವುದಿಲ್ಲ. ಮಕ್ಕಳ ಮಟ್ಟಿಗೆ ಇಫ್ ಪಕ್ಕದಲ್ಲಿ ವಿಲ್ ಬೇಡ, ವುಡ್ಡೂ ಬೇಡ ಅಂತ ಇಟ್ಟುಕೊಳ್ಳಿ. ದೊಡ್ಡವರ ವಿನಯದ ಮಾತುಗಳಲ್ಲಿ ಅದಕ್ಕೆ ಅಪವಾದಗಳಿವೆ, ಈಗ ಅದರ ತಲೆನೋವು ಯಾಕೆ.

ನಾನು ಸರ್ಕಾರಿ ಶಾಲೆ ಟೀಚರ್. ಕ್ಲಾಸಲ್ಲಿ 40 ಮಕ್ಕಳು. ಒಬ್ಬೊಬ್ಬರನ್ನೇ ಮಾತಾಡಿಸೋಕೆ ಟೈಮ್ ಎಲ್ಲಿದೆ ಮೇಡಂ?

ಇಲ್ಲ, ನಿಜ. ಒಬ್ಬೊಬ್ಬರನ್ನೇ ನಿಲ್ಲಿಸಿದರೆ ಉಳಿದ 39 ಮಂದಿ ಕಿಟಕಿ ನೋಡುತ್ತಾರೆ. ಸಾಲಿಗೆ ಸಾಲೇ ಮಾತಾಡುವ ಸರಪಳಿ ಆಟ ಆಡಿಸಿ. ಹಿಟ್ಟಿನ ಗಡಿಗೆ ನೋಡುತ್ತಾ ಹಗಲುಗನಸು ಕಂಡು, ಕೊನೆಗೆ ಕಾಲಲ್ಲಿ ಒದ್ದು ಗಡಿಗೆಯನ್ನೇ ಒಡೆದುಕೊಂಡವನ ಹಳೇ ಕಥೆ ಎಲ್ಲ ಮಕ್ಕಳಿಗೂ ಗೊತ್ತಲ್ಲ, ಅದೇ ಮಾದರಿ. ಮೊದಲನೇ ಮಗು: 'ಇಫ್ ಐ ಹ್ಯಾಡ್ ಎ ಥೌಸಂಡ್ ರುಪೀಸ್, ಐ ವುಡ್ ಬೈ ಎ ಹೆನ್.' ಎರಡನೇ ಮಗು ಅದರ ಬಾಲ ಹಿಡಿಯಬೇಕು: 'ಇಫ್ ಐ ಬಾಟ್ ಎ ಹೆನ್, ಇಟ್ ವುಡ್ ಲೇ ಎಗ್ಸ್.' ಮೂರನೆಯದು: 'ಇಫ್ ಇಟ್ ಲೇಡ್ ಎಗ್ಸ್, ಐ ವುಡ್ ಸೆಲ್ ದೆಮ್ ಇನ್ ದ ಸಂತೆ.' ಹೀಗೆ ಕೋಳಿಯಿಂದ ಕುರಿ, ಕುರಿಯಿಂದ ಹಸು, ಹಸುವಿನಿಂದ ಟ್ರ್ಯಾಕ್ಟರ್, ಆಮೇಲೆ ಎಮ್‌ಎಲ್‌ಎ ಎಲೆಕ್ಷನ್‌ವರೆಗೂ ಹೋಗುತ್ತದೆ. ಹಿಂದಿನವರು ವುಡ್ ಜೊತೆ ಹೇಳಿದ ಕ್ರಿಯಾಪದವನ್ನು ಮುಂದಿನವರು ಹಿಂದಿನ ಕಾಲಕ್ಕೆ ತಿರುಗಿಸಲೇಬೇಕು, ಅದಕ್ಕೇ ಈ ಆಟ ನನಗೆ ಇಷ್ಟ. ಪಾಠ ಅದರೊಳಗೇ ಇದೆ.

ಬೆಂಚಿಗೊಂದು ಸರಪಳಿ ಇರಲಿ, ಎಲ್ಲ ಬೆಂಚೂ ಒಟ್ಟಿಗೆ ಶುರು ಮಾಡಲಿ. ಗದ್ದಲ ಆಗುತ್ತದೆ, ಪಕ್ಕದ ಕ್ಲಾಸಿನ ಮೇಷ್ಟ್ರು ಬಂದು ಇಣುಕಿಯೂ ನೋಡುತ್ತಾರೆ, ಇರಲಿ. ಸಣ್ಣ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಪಳಗಿದ ಟೀಚರಿಗೆ ಗುಂಪು ಮಾಡಿ ಕೂರಿಸುವುದೇನು ಹೊಸದಲ್ಲ, ಮೂರನೇ ತರಗತಿ ದಾಟಿದ ಕೂಡಲೇ ಅದನ್ನು ಬಿಟ್ಟುಬಿಡುತ್ತೇವೆ ಅಷ್ಟೇ.

ಚೀಟಿ ಆಟವೂ ಆಗುತ್ತದೆ. ಎಲ್ಲರೂ ಒಂದೊಂದು 'ಐ ವಿಶ್' ವಾಕ್ಯ ಹೆಸರಿಲ್ಲದೆ ಬರೆದು ಡಬ್ಬಕ್ಕೆ ಹಾಕಲಿ. ಒಂದೊಂದೇ ತೆಗೆದು ಓದಿ, ಯಾರದು ಅಂತ ಊಹಿಸಲಿ. ಆದರೆ ಮೊದಲು ನೀವೊಬ್ಬರೇ ಎಲ್ಲ ಚೀಟಿ ನೋಡಿಕೊಳ್ಳಿ. ಯಾಕೆ ಅಂತ ಕೆಳಗೆ ಹೇಳಿದ್ದೇನೆ.

ನಮಗೇ ಇಂಗ್ಲಿಷ್ ಅಷ್ಟಕ್ಕಷ್ಟೇ. ಮನೇಲಿ ನಾವು ಹೇಗೆ ಸಹಾಯ ಮಾಡೋದು?

ಕನ್ನಡದಲ್ಲೇ ಶುರು ಮಾಡಿ. 'ನೀನು ಒಂದು ದಿನ ಯಾರ ಕಣ್ಣಿಗೂ ಕಾಣಿಸದೆ ಇದ್ದಿದ್ರೆ ಏನ್ ಮಾಡ್ತಿದ್ದೆ?' 'ನಮ್ಮ ಹಸುಗೆ ಮಾತು ಬಂದಿದ್ರೆ ಮೊದಲು ಏನ್ ಹೇಳ್ತಿತ್ತು?' ಊಟ ಮಾಡುವಾಗ, ಬಸ್ಸಿಗೆ ಕಾಯುವಾಗ ಕೇಳಿ. ಹೇಳಲು ಏನಾದರೂ ಇದ್ದರೆ ತಾನೇ ಇಂಗ್ಲಿಷಿನಲ್ಲಿ ಹೇಳುವುದು? 'ಐ ವುಡ್... ಐ ವುಡ್...' ಅಂತ ನಿಂತುಬಿಡುವ ಎಷ್ಟೋ ಮಕ್ಕಳಿಗೆ ಇಂಗ್ಲಿಷ್ ಗೊತ್ತಿರುತ್ತದೆ, ಹಕ್ಕಿಯಾದರೆ ಏನು ಮಾಡಬೇಕು ಅಂತ ಯೋಚಿಸಿರುವುದಿಲ್ಲ. ಆ ಯೋಚನೆ ಮನೆಯಲ್ಲಿ ಕನ್ನಡದಲ್ಲಿ ಆಗಿದ್ದರೆ ಕ್ಲಾಸಿನಲ್ಲಿ ಅರ್ಧ ಕೆಲಸ ಮುಗಿದಂತೆ.

ಆಮೇಲೆ 'ಇದನ್ನ ಇಂಗ್ಲಿಷಲ್ಲಿ ಹೇಗೆ ಹೇಳ್ತೀಯ, ನನಗೆ ಕಲಿಸು' ಅನ್ನಿ. ನೀವು ವಿದ್ಯಾರ್ಥಿ ಆದರೆ ಅವರಿಗೆ ಖುಷಿ ಜಾಸ್ತಿ.

ಎಲ್ಲ ಮಕ್ಕಳೂ 'ಐ ವಿಶ್ ಐ ಹ್ಯಾಡ್ ಎ ಕಾರ್' ಅಂತಲೇ ಹೇಳ್ತಾರೆ. ಬೇರೆ ಏನೂ ಬರಲ್ಲ.

ಬೋರ್ಡಿನ ಮೇಲೆ ಕಾರಿನ ಉದಾಹರಣೆ ಬರೆದಿದ್ದು ಯಾರು? 'ಹ್ಯಾಡ್' ಒಂದನ್ನೇ ಕೊಟ್ಟರೆ ಸಾಮಾನಿನ ಪಟ್ಟಿಯೇ ಬರುತ್ತದೆ. ಬೇರೆ ಕ್ರಿಯಾಪದ ಕೊಡಿ, ಆಸೆಗಳೂ ಬೇರೆಯಾಗುತ್ತವೆ. 'ಐ ವಿಶ್ ಐ ಕುಡ್' ಕೊಟ್ಟರೆ ಈಜು, ಮರ ಹತ್ತುವುದು, ಡೊಳ್ಳು ಬಾರಿಸುವುದು ಬರುತ್ತವೆ. 'ಐ ವಿಶ್ ಐ ನ್ಯೂ' ಕೊಟ್ಟರೆ ತಮಾಷೆಯಾದ್ದೆಲ್ಲ ಬರುತ್ತದೆ. ಬೆಕ್ಕು ಏನು ಯೋಚಿಸುತ್ತದೆ, ಹೆಡ್‌ಮಾಸ್ಟರಿಗೆ ಎಷ್ಟು ವಯಸ್ಸು, ಇಂಥವು. 'ಐ ವಿಶ್ ವಿ ಲಿವ್ಡ್', 'ಐ ವಿಶ್ ಮೈ ಬ್ರದರ್ ಡಿಡಂಟ್', 'ಐ ವಿಶ್ ದೇರ್ ವರ್' ಕೂಡ ಒಂದೊಂದು ದಿನಕ್ಕೆ ಒಂದೊಂದು ಕೊಡಿ. 'ದೇರ್ ವರ್' ಕೊಟ್ಟರೆ ಊರಿಗೆ ಏನು ಬೇಕು ಅಂತ ಶುರುವಾಗುತ್ತದೆ: ಆಟದ ಮೈದಾನ, ಶಾಲೆಗೆ ಇನ್ನೊಂದು ಬಸ್ಸು, ಹುಡುಗಿಯರಿಗೆ ಸರಿಯಾದ ಟಾಯ್ಲೆಟ್. ಇದನ್ನು ಪಂಚಾಯಿತಿಯವರೂ ಕೇಳಿಸಿಕೊಂಡರೆ ಒಳ್ಳೆಯದು.

ಒಂದು ಮಗು 'ಐ ವಿಶ್ ಮೈ ಫಾದರ್ ಡಿಡಂಟ್ ಡ್ರಿಂಕ್' ಅಂತ ಬರೆದಿದೆ. ನಾನು 'ವೆರಿ ಗುಡ್' ಅಂತ ಟಿಕ್ ಹಾಕಿ ಮುಂದೆ ಹೋದೆ. ಸರಿ ಮಾಡಿದೆನಾ?

ಟಿಕ್ ಹಾಕಿದ್ದು ವಾಕ್ಯಕ್ಕೆ. ಮಗು ಹೇಳಿದ್ದು ಬೇರೆ. ಇಂಥ ಪಾಠದಲ್ಲಿ ಇದು ಬಂದೇ ಬರುತ್ತದೆ, ಆಸೆ ಹೇಳು ಅಂದರೆ ಕೆಲವು ಮಕ್ಕಳು ನಿಜವಾಗಿ ಹೇಳಿಬಿಡುತ್ತಾರೆ. ಅಮ್ಮ ಬದುಕಿದ್ದಿದ್ದರೆ, ಅಪ್ಪ ಹೊಡೆಯದೇ ಇದ್ದಿದ್ದರೆ, ಹಾಸ್ಟೆಲ್ ಬಿಟ್ಟು ಮನೆಯಲ್ಲಿ ಇದ್ದಿದ್ದರೆ. ಕನ್ನಡದಲ್ಲಿ ಬಾಯಿ ಬಿಡದ ಮಗುವಿಗೂ ಇನ್ನೊಂದು ಭಾಷೆಯಲ್ಲಿ ಹೇಳುವುದು ಕೆಲವೊಮ್ಮೆ ಸಲೀಸು ಅನ್ನಿಸುತ್ತದೆ.

ಎಲ್ಲರ ಮುಂದೆ ಅದನ್ನು ಓದಬೇಡಿ, ಅವತ್ತು ಆ ಹಾಳೆಯಲ್ಲಿ ಗ್ರಾಮರ್ ತಿದ್ದಬೇಡಿ. ಕ್ಲಾಸ್ ಮುಗಿದ ಮೇಲೆ ಒಂಟಿಯಾಗಿ ಸಿಕ್ಕಾಗ 'ನೀನು ಬರೆದಿದ್ದು ಓದಿದೆ. ಹೇಳಬೇಕು ಅನ್ನಿಸಿದರೆ ನಾನಿದ್ದೀನಿ' ಅಂತ ಕನ್ನಡದಲ್ಲಿ ಹೇಳಿ. ಅಷ್ಟು ಸಾಕು, ಕೆದಕಿ ಕೇಳುವುದು ಬೇಡ. ಮಗುವಿಗೆ ಮನೆಯಲ್ಲಿ ಅಪಾಯ ಇದೆ ಅನ್ನಿಸಿದರೆ ಮುಖ್ಯೋಪಾಧ್ಯಾಯರಿಗೆ ತಿಳಿಸಿ. 1098 ಮಕ್ಕಳ ಸಹಾಯವಾಣಿಗೆ ಯಾರು ಬೇಕಾದರೂ ಕರೆ ಮಾಡಬಹುದು, ಅದು ಉಚಿತ.

ಮತ್ತೆ, 'ನಿಮ್ಮ ಮನೆಯ ಬಗ್ಗೆ ಐದು ವಿಶ್ ಬರೆಯಿರಿ' ಅಂತ ಯಾವತ್ತೂ ಕೊಡಬೇಡಿ. ಹಕ್ಕಿ, ಹಸು, ರಾಜ, ಕಾಣಿಸದ ಮನುಷ್ಯ, ಇವು ಕೊಟ್ಟರೆ ಹೇಳಿಕೊಳ್ಳಲು ಇಷ್ಟವಿಲ್ಲದ ಮಗುವಿಗೆ ಬಚ್ಚಿಟ್ಟುಕೊಳ್ಳಲು ಜಾಗ ಇರುತ್ತದೆ.

ತಪ್ಪು ಹೇಳಿದ ಕೂಡಲೇ ತಿದ್ದಬೇಕಾ?

ಮಾತಾಡುವಾಗ ತಡೆಯಬೇಡಿ. ಮಗು 'ಐ ವಿಶ್ ಐ ಹ್ಯಾವ್ ವಿಂಗ್ಸ್' ಅಂದರೆ ನೀವು 'ಓ, ಯು ವಿಶ್ ಯು ಹ್ಯಾಡ್ ವಿಂಗ್ಸ್! ವೇರ್ ವುಡ್ ಯು ಗೋ?' ಅಂತ ಮುಂದುವರಿಸಿ. ಸರಿ ರೂಪ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ. ಬರವಣಿಗೆಯಲ್ಲಿ ತಿದ್ದಿ, ಆದರೆ ಅವತ್ತಿನ ಪಾಠದ ತಪ್ಪನ್ನು ಮಾತ್ರ. ಸ್ಪೆಲಿಂಗ್, ಫುಲ್‌ಸ್ಟಾಪ್ ಎಲ್ಲಕ್ಕೂ ಕೆಂಪು ಬಳಿದರೆ ಮುಂದಿನ ಸಲ ಮಗು ಮೂರೇ ಪದದ ಆಸೆ ಬರೆಯುತ್ತದೆ.

## ದೊಡ್ಡ ಮಕ್ಕಳಿಗೆ, ಗೋಜಲಿನ ವಿಷಯಗಳು

'ಐ ವಿಶ್ ಯು ವುಡ್' ಸರಿ, 'ಐ ವಿಶ್ ಐ ವುಡ್' ತಪ್ಪು ಅಂತಾರೆ. ಯಾಕೆ?

ವಿಶ್ ಜೊತೆ ವುಡ್ ಬಂದರೆ ಅದು ಇನ್ನೊಬ್ಬರ ಮೇಲಿನ ಗೊಣಗಾಟ. 'ಐ ವಿಶ್ ಯು ವುಡ್ ಸ್ವಿಚ್ ಆಫ್ ದ ಟಿವಿ' ಅಂದರೆ ನೀನು ಆರಿಸಬಹುದು, ಆರಿಸುತ್ತಿಲ್ಲ, ನನಗೆ ಕಿರಿಕಿರಿ. ನಮ್ಮ ಮೇಲೆ ನಾವೇ ಹಾಗೆ ಗೊಣಗುವುದಿಲ್ಲ, ಮನಸ್ಸಿದ್ದರೆ ಮಾಡಿಬಿಡಬಹುದಲ್ಲ. ಕೈಲಾಗದ್ದಕ್ಕೆ 'ಐ ವಿಶ್ ಐ ಕುಡ್'. ಮಳೆ, ಕರೆಂಟಿನ ಮೇಲೂ ಗೊಣಗಬಹುದು: 'ಐ ವಿಶ್ ಇಟ್ ವುಡ್ ಸ್ಟಾಪ್ ರೇನಿಂಗ್.'

ಅಣ್ಣ ತಂಗಿಯರಿಗೆ ಇದನ್ನು ಅಭ್ಯಾಸಕ್ಕೆ ಕೊಟ್ಟು ನೋಡಿ, ಉದಾಹರಣೆಗೆ ಬರವೇ ಇರುವುದಿಲ್ಲ. ಒಂದು ಎಚ್ಚರ: ದೊಡ್ಡವರಿಗೆ, ಟೀಚರಿಗೆ ಮಗು ಹೀಗೆ ಹೇಳಿದರೆ ಒರಟಾಗಿ ಕೇಳಿಸುತ್ತದೆ. ಅವರಿಗೆ 'ಕುಡ್ ಯು ಪ್ಲೀಸ್'.

ಆಗಿಹೋದದ್ದಕ್ಕೆ 'ಹ್ಯಾಡ್ ಡನ್', 'ವುಡ್ ಹ್ಯಾವ್ ಡನ್' ಅಂತ ಬಂದಾಗ ಎಲ್ಲ ಕಲಸಿಹೋಗುತ್ತೆ. ಬಿಡಿಸಿ ಹೇಳೋದು ಹೇಗೆ?

ಇಲ್ಲಿ ಕನ್ನಡ ನಮಗೆ ಸಹಾಯ ಮಾಡುವುದಿಲ್ಲ. 'ದುಡ್ಡು ಇದ್ದಿದ್ದರೆ ಕೊಡುತ್ತಿದ್ದೆ' ಅನ್ನುವುದು ಈಗಿನ ಮಾತೂ ಆಗಬಹುದು, ಹೋದ ವರ್ಷದ್ದೂ ಆಗಬಹುದು. ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷ್ ಎರಡನ್ನೂ ಬೇರೆ ಮಾಡುತ್ತದೆ. ಈಗಿನದಾದರೆ 'ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್', ಆಗಿಹೋದದ್ದಾದರೆ 'ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್'. ಹ್ಯಾಡ್ ಹ್ಯಾಡ್ ಕೇಳಿದ ಕೂಡಲೇ ಮಕ್ಕಳು ನಗುತ್ತಾರೆ, ಆದ್ದರಿಂದ ಆ ಕ್ರಿಯಾಪದದಿಂದ ಶುರು ಮಾಡಬೇಡಿ.

ಕ್ರಿಕೆಟ್‌ನಿಂದ ಶುರು ಮಾಡಿ. 2016ರ ಐಪಿಎಲ್ ಫೈನಲ್, ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ. ಹೈದರಾಬಾದ್ 208, ಆರ್‌ಸಿಬಿ 200. 'ಇಫ್ ಆರ್‌ಸಿಬಿ ಹ್ಯಾಡ್ ಸ್ಕೋರ್ಡ್ ನೈನ್ ಮೋರ್ ರನ್ಸ್, ದೇ ವುಡ್ ಹ್ಯಾವ್ ವನ್.' ಇದನ್ನು ಯಾವ ದೇವರು ಬಂದರೂ ಬದಲಾಯಿಸುವುದಕ್ಕೆ ಆಗುವುದಿಲ್ಲ, ಆಗಿಹೋಯಿತು. ಹಾಗೆ ಬದಲಾಗದ ಹಿಂದಿನದ್ದಕ್ಕೇ ಈ ರೂಪ ಇರುವುದು. 'ಐ ವಿಶ್ ದೇ ಹ್ಯಾಡ್ ವನ್ ದಟ್ ಡೇ' ಅಂತ ವಿಶ್ ಜೊತೆಗೂ ಅದೇ ಹ್ಯಾಡ್. 2009, 2011, 2016, ಮೂರು ಫೈನಲ್ ಸೋತು 2025ರಲ್ಲಿ ಕಪ್ ಬಂತಲ್ಲ, ಅಷ್ಟು ವರ್ಷ 'ಈ ಸಲ ಕಪ್ ನಮ್ದೇ' ಅಂದಿದ್ದು ಹೋಪ್, ಪ್ರತಿ ಸಲ ಸೋತ ಮಾರನೇ ದಿನ ಹೇಳಿದ್ದು ವಿಶ್. ಹುಡುಗರಿಗೆ 2016 ನೆನಪಿಲ್ಲದಿದ್ದರೆ ಅಪ್ಪನನ್ನು ಕೇಳಲಿ, ಅವರು ಕೊನೆಯ ಓವರ್‌ವರೆಗೂ ಹೇಳುತ್ತಾರೆ.

ಅದು ಕೂತ ಮೇಲೆ ಅವರವರದ್ದು: ತಪ್ಪಿದ ಬಸ್ಸು, ಮರೆತ ಟಿಫನ್ ಬಾಕ್ಸ್, ಓದದೇ ಹೋದ ಪಾಠ. 'ಹ್ಯಾಡ್' ಆದ ಮೇಲೆ ಮೂರನೇ ರೂಪ ಬರಬೇಕು, ಅಂದರೆ ಗಾನ್, ಸೀನ್, ಈಟನ್. ಅದು ಬಾಯಿಪಾಠ ಇಲ್ಲದಿದ್ದರೆ ಈ ಪಾಠ ಮುಂದೆ ಹಾಕಿ.

ಎಸ್‌ಎಸ್‌ಎಲ್‌ಸಿಗೆ ಟೈಪ್ 1, ಟೈಪ್ 2, ಟೈಪ್ 3 ಅಂತ ಕಲಿಸಲೇಬೇಕಲ್ವಾ? ನೀವು ಟೇಬಲ್ ಬೇಡ ಅಂತೀರಂತೆ.

ಹತ್ತನೇ ತರಗತಿಯಲ್ಲಿ ಬೇಡ ಅಂತ ನಾನು ಹೇಳಿಲ್ಲ, ಆರನೇ ತರಗತಿಯಲ್ಲಿ ಬೇಡ ಅಂದಿದ್ದು. ಪರೀಕ್ಷೆಯಲ್ಲಿ ಇಫ್ ವಾಕ್ಯದ ಬಿಟ್ಟ ಜಾಗ ತುಂಬುವ ಪ್ರಶ್ನೆ ಬರುತ್ತದೆ, ಅದಕ್ಕೆ ಮೂರು ಸಾಲು ಸಾಕು. ಇಫ್ ಕಡೆ ಪ್ರೆಸೆಂಟ್ ಇದ್ದರೆ ಆ ಕಡೆ ವಿಲ್. ಇಫ್ ಕಡೆ ಪಾಸ್ಟ್ ಇದ್ದರೆ ಆ ಕಡೆ ವುಡ್. ಇಫ್ ಕಡೆ ಹ್ಯಾಡ್ ಜೊತೆ ಮೂರನೇ ರೂಪ ಇದ್ದರೆ ಆ ಕಡೆ ವುಡ್ ಹ್ಯಾವ್ ಜೊತೆ ಮೂರನೇ ರೂಪ. ಒಂದು ಪಕ್ಕ ನೋಡಿ ಇನ್ನೊಂದು ಪಕ್ಕ ತುಂಬುವುದು.

ಟೇಬಲ್‌ನಿಂದಲೇ ಶುರು ಮಾಡಿದ ಮಕ್ಕಳು ಬಿಟ್ಟ ಜಾಗ ತುಂಬುತ್ತಾರೆ, ಆದರೆ 'ನಿನಗೆ ಲಾಟರಿ ಹೊಡೆದಿದ್ದರೆ ಏನು ಮಾಡುತ್ತಿದ್ದೆ' ಅಂತ ಇಂಗ್ಲಿಷಿನಲ್ಲಿ ಕೇಳಿದರೆ 'ಟೈಪ್ 2 ಮೇಡಂ' ಅಂತಾರೆ!

ಇಂಗ್ಲಿಷ್ ಮಾತಾಡೋರ ಬಾಯಲ್ಲಿ 'ವುಡ್' ಕೇಳಿಸೋದೇ ಇಲ್ಲ. ಮಗಳಿಗೆ ಕಾರ್ಟೂನ್ ನೋಡಿದ್ರೂ ಗೊತ್ತಾಗಲ್ಲ ಅಂತಾಳೆ.

ಅವರು 'ಐ ವುಡ್' ಅನ್ನುವುದನ್ನು 'ಐಡ್' ಮಾಡಿಬಿಡುತ್ತಾರೆ. ಯುಡ್, ಹೀಡ್, ವೀಡ್, ಎಲ್ಲ ಹಾಗೇ. ಕೊನೆಯಲ್ಲಿ ಒಂದು ಚೂರು 'ಡ್' ಮಾತ್ರ ಉಳಿಯುತ್ತದೆ. ನಮ್ಮ ನಾಲಿಗೆ ಬಸ್ಸನ್ನು 'ಬಸ್ಸು', ಕಾರನ್ನು 'ಕಾರು' ಮಾಡಿ ಅಭ್ಯಾಸ, ಹಾಗಾಗಿ ಮಗು ಹೇಳುವಾಗ 'ಐಡು' ಆಗುತ್ತದೆ, ಕೇಳುವಾಗ ಆ 'ಡ್' ತಪ್ಪಿಹೋಗುತ್ತದೆ. ಜೋಡಿ ವಾಕ್ಯ ಹೇಳಿ ಕೈ ಎತ್ತಿಸಿ: 'ಐ ಗೋ' ಅಂದರೆ ಎಡಗೈ, 'ಐಡ್ ಗೋ' ಅಂದರೆ ಬಲಗೈ. ಕ್ರಮೇಣ ವೇಗ ಹೆಚ್ಚಿಸಿ.

ಇನ್ನೊಂದು ತೊಡಕು, 'ಹ್ಯಾಡ್' ಕೂಡ ಇದೇ 'ಡ್' ಆಗುತ್ತದೆ. 'ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್.' ಮೊದಲನೆಯದು ಹ್ಯಾಡ್, ಎರಡನೆಯದು ವುಡ್. ಪಕ್ಕದ ಪದ ನೋಡಿ ಕಂಡುಹಿಡಿಯಬೇಕು: ಗೋ, ಈಟ್, ಹ್ಯಾವ್ ಥರ ಬೋಳು ಕ್ರಿಯಾಪದ ಬಂದರೆ ವುಡ್, ನೋನ್, ಗಾನ್ ಥರ ಮೂರನೇ ರೂಪ ಬಂದರೆ ಹ್ಯಾಡ್.

'ಇಫ್ ಓನ್ಲಿ', 'ಸಪೋಸ್', 'ಆಸ್ ಇಫ್' ಇವೆಲ್ಲ ಬೇಕಾ?

'ಸಪೋಸ್' ಬೇಗ ಕೊಡಿ, ಆಟಕ್ಕೆ ಚೆನ್ನ: 'ಸಪೋಸ್ ಯು ಮೆಟ್ ಎ ಟೈಗರ್?' 'ಇಫ್ ಓನ್ಲಿ' ಅನ್ನುವುದು ವಿಶ್‌ನದೇ ಕೊರಗು ಜಾಸ್ತಿಯಾದ ರೂಪ, ಒಮ್ಮೆ ತೋರಿಸಿ ಬಿಡಿ. 'ಆಸ್ ಇಫ್' ಹೈಸ್ಕೂಲಿಗೆ ಇರಲಿ: 'ಹಿ ಟಾಕ್ಸ್ ಆಸ್ ಇಫ್ ಹಿ ವರ್ ದ ಹೆಡ್‌ಮಾಸ್ಟರ್.' ಇಂಥವರು ಪ್ರತಿ ಕ್ಲಾಸಿನಲ್ಲೂ ಒಬ್ಬರಿರುತ್ತಾರೆ, ಉದಾಹರಣೆ ಹುಡುಕಬೇಕಾಗಿಲ್ಲ.

ನಾವು ಅಮೆರಿಕದಲ್ಲಿದ್ದೀವಿ. ನಮ್ಮದು ಉಲ್ಟಾ ಕೇಸ್. ಮಗಳು 'ನಾನು ವಿಶ್ ಮಾಡ್ತೀನಿ ನನ್ನ ಹತ್ರ ನಾಯಿ ಇತ್ತು' ಅಂತಾಳೆ!

ಅವಳು ಇಂಗ್ಲಿಷನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದಾಳೆ, ಇಲ್ಲಿಯ ಹುಡುಗ 'ಐ ವಾಸ್ ಫ್ಲೈಯಿಂಗ್' ಅಂದ ಹಾಗೆಯೇ. ಅವಳಿಗೆ 'ಇದ್ದಿದ್ರೆ ಚೆನ್ನಾಗಿರ್ತಿತ್ತು' ಅನ್ನುವುದನ್ನು ಒಂದೇ ಪದ ಅನ್ನುವ ಥರ ಇಡಿಯಾಗಿ ಕೊಡಿ, ಬಿಡಿಸಿ ವಿವರಿಸಬೇಡಿ. 'ನಾಯಿ ಇದ್ದಿದ್ರೆ ಚೆನ್ನಾಗಿರ್ತಿತ್ತು.' 'ರಜೆ ಇದ್ದಿದ್ರೆ ಚೆನ್ನಾಗಿರ್ತಿತ್ತು.' ಮುಂದಿನ ಪದ ಮಾತ್ರ ಬದಲಾಗಲಿ. ಆಮೇಲೆ 'ಬಂದಿದ್ರೆ', 'ಸಿಕ್ಕಿದ್ರೆ'. ಇನ್ನೂ ಸುಲಭದ್ದು ಬೇಕೆಂದರೆ 'ನಾಯಿ ಇರಬೇಕಿತ್ತು', ಅದೂ ಅಚ್ಚ ಕನ್ನಡವೇ.

ಊರಿನ ಅಜ್ಜಿಗೆ ವಿಡಿಯೊ ಕಾಲ್ ಮಾಡಿದಾಗ ಮಗಳಿಗೆ ಒಂದು ಪ್ರಶ್ನೆ ಹೇಳಿಕೊಟ್ಟಿರಿ: 'ಅಜ್ಜಿ, ನೀನು ಇಲ್ಲಿ ಇದ್ದಿದ್ರೆ ಏನ್ ಅಡುಗೆ ಮಾಡ್ತಿದ್ದೆ?' ಅಜ್ಜಿ ಹೇಳಿದ್ದನ್ನು ಅವಳು ಅಪ್ಪನಿಗೆ ಇಂಗ್ಲಿಷಿನಲ್ಲಿ ಹೇಳಲಿ, ಅಪ್ಪ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಜ್ಜಿಗೆ ಕನ್ನಡದಲ್ಲಿ. ವಾರಕ್ಕೆ ಒಂದು ಪ್ರಶ್ನೆ ಸಾಕು.